ಅಳತೆಗೆ ಸಿಕ್ಕವನು

ಎರಡನೇ ಮಹಡಿಯ ತಿರುವಿನಲ್ಲಿ ಚಟ್ಟ ಸಿಕ್ಕಿಕೊಂಡಿತು. ಮುಂದಿನ ಬಿದಿರಿನ ತುದಿ ಗೋಡೆಗೆ ಒತ್ತಿ ಸುಣ್ಣ ಉದುರಿತು. ಹಿಂದೆ ಹಿಡಿದಿದ್ದವರು ಅದನ್ನು ಕಾಣದೆ ಇನ್ನೊಂದು ಮೆಟ್ಟಿಲು ಇಳಿದುಬಿಟ್ಟದ್ದರಿಂದ ಭಾರವೆಲ್ಲ ಮುಂದಕ್ಕೆ ಜರುಗಿ, ಎಡಗಡೆ ಹೆಗಲು ಕೊಟ್ಟಿದ್ದ ತಾರಾನಾಥನ ಮೊಣಕಾಲು ಕುಸಿಯಿತು.

"ನಿಲ್ಲಿ, ನಿಲ್ಲಿ," ಎಂದ ಮೇಲಿನ ಮೆಟ್ಟಿಲಲ್ಲಿದ್ದ ಅವನ ಅಣ್ಣ ಸರ್ವೋತ್ತಮ. "ತಾರ, ನೀನು ಬಿಡು. ನಿಂಗೆ ಗೊತ್ತಾಗುದಿಲ್ಲ. ಬೇರೆ ಯಾರಾದ್ರೂ ಹಿಡೀರಿ."

ತಾರಾನಾಥ ಬಿಟ್ಟ. ಬಿಡು ಎಂದಾಗ ಬಿಡುವುದು ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮಾತು ಮುಗಿಯುವ ಮೊದಲೇ ಕೈ ಸಡಿಲವಾಗುತ್ತಿತ್ತು. ಕೆಳಗಿನ ಮನೆಯ ಮರಾಠಿಯವರೊಬ್ಬರು ಅವನ ಜಾಗಕ್ಕೆ ನುಗ್ಗಿ, "ವರ ಘ್ಯಾ, ವರ," ಎನ್ನುತ್ತ ಚಟ್ಟವನ್ನು ತಲೆಯ ಮಟ್ಟಕ್ಕೆ ಎತ್ತಿ ಹೊರಳಿಸಿದರು. ಹೊರಳಿಸುವಾಗ ಹೊದಿಕೆ ಸರಿದು ಅಕ್ಕನ ಪಾದಗಳು ಕಂಡವು. ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದ ಬಿಳಿಯ ದಾರ, ಒಡೆದ ಹಿಮ್ಮಡಿ. ಹೊದಿಕೆ ಸರಿಮಾಡಬೇಕೆಂದು ತಾರಾನಾಥ ಕೈ ಚಾಚುವಷ್ಟರಲ್ಲಿ ಅವರೆಲ್ಲ ಇಳಿದು ಹೋಗಿದ್ದರು.

ಠಾಕುರ್ಲಿಯ ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಮೂರನೇ ಮಹಡಿಯ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಅಕ್ಕ ಪ್ರಫುಲ್ಲಾ ಮತ್ತು ಅವನು, ಇಬ್ಬರೇ ಇದ್ದದ್ದು. ಅಕ್ಕ ಕಲ್ಯಾಣದ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದಳು. ಬರುವ ವರ್ಷ, ೨೦೧೫ಕ್ಕೆ, ನಿವೃತ್ತಿಯಾಗಬೇಕಿತ್ತು. ಆ ದಿನ ಬೆಳಗ್ಗೆ ಹಾಲನ್ನು ಒಲೆಯ ಮೇಲಿಟ್ಟು, "ನೋಡ್ಕೋ," ಎಂದು ಹೇಳಿ ಸ್ನಾನಕ್ಕೆ ಹೋದವಳು ಹೊರಗೆ ಬರಲಿಲ್ಲ. ತಾರಾನಾಥ ಹಾಲು ಇಳಿಸಿದ. ಬಾಗಿಲು ತಟ್ಟಿದ. ಕರೆದ. ಆಮೇಲೆ ಬಚ್ಚಲಿನ ಬಾಗಿಲೆದುರು ಮೊಣಕಾಲು ಮಡಚಿ ಕುಳಿತ. ಮೇಲಿನ ಮನೆಯ ಭೀಮಮ್ಮ ಮೊಸರಿಗೆ ಹೆಪ್ಪು ಕೇಳಲು ಬಂದು, ಅವನು ಕುಳಿತದ್ದನ್ನು ಕಂಡು, ಗಂಡನನ್ನು ಕೂಗಿ ಬಾಗಿಲು ಒಡೆಸಿದಳು. ಡಾಕ್ಟರು ಬಂದು ಹೃದಯ ನಿಂತು ಬಹಳ ಹೊತ್ತಾಯಿತು ಎಂದರು. ಬಹಳ ಹೊತ್ತು ಎಂದರೆ ತಾನು ಕುಳಿತಿದ್ದ ಹೊತ್ತೂ ಅದರೊಳಗೆ ಸೇರಿತ್ತೇ ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

ಕೆಳಗೆ ಶವದ ಗಾಡಿಯ ಹಿಂದೆ ಸರ್ವೋತ್ತಮನ ಮಗಳು ಸೋನಾಲಿ ಅಪ್ಪನ ತೋಳು ಹಿಡಿದು ಪಿಸುಗುಟ್ಟುತ್ತಿದ್ದಳು. "ಪಪ್ಪಾ, ತಾರಾ ಚಾಚಾ ಕೋ ಲೇ ಜಾನಾ ಜರೂರಿ ಹೈ ಕ್ಯಾ? ವಹಾಂ ಕೌನ್ ಸಂಭಾಲೇಗಾ?"

ತಾರಾನಾಥ ಅವಳ ಬೆನ್ನ ಹಿಂದೆಯೇ ನಿಂತಿದ್ದ. ಕಲಬುರ್ಗಿ ಕಡೆಯ ಭೀಮಮ್ಮನಿಗೆ ಹಿಂದಿ ಚೆನ್ನಾಗಿಯೇ ತಿಳಿಯುತ್ತಿತ್ತು. "ಹೋಗ್ಲಿ ಬಿಡವ್ವಾ," ಎಂದಳು. "ಅಂವನ ಅಕ್ಕ. ಅಂವ ಬರಬ್ಯಾಡಂದ್ರ ಹ್ಯಾಂಗ?"

ಅವನು ಗಾಡಿ ಹತ್ತಿದ.

ಡೊಂಬಿವಲಿಯ ಸ್ಮಶಾನದಲ್ಲಿ ಭಟ್ಟರು ಕಾಯುತ್ತಿದ್ದರು. ಕಟ್ಟಿಗೆ ಜೋಡಿಸಿದ ಮೇಲೆ, "ಬೆಂಕಿ ಕೊಡುವವರು ಯಾರು?" ಎಂದು ಕೇಳಿದರು. ಸರ್ವೋತ್ತಮ ಅಂಗಿ ಬಿಚ್ಚತೊಡಗಿದ.

"ನೀವು ಅಣ್ಣ ಅಲ್ಲವಾ?" ಎಂದರು ಭಟ್ಟರು. "ಹಿರಿಯವರು ಕಿರಿಯವರಿಗೆ ಬೆಂಕಿ ಕೊಡುವ ಕ್ರಮ ಇಲ್ಲ. ತಮ್ಮ ಇದ್ದಾರಲ್ಲ, ಅವರು ಕೊಡ್ಲಿ."

ಸರ್ವೋತ್ತಮ ಹತ್ತಿರ ಹೋಗಿ ದನಿ ತಗ್ಗಿಸಿದ. "ಅವನಿಗೆ ಸ್ವಲ್ಪ ಬುದ್ಧಿ ಕಮ್ಮಿ ಭಟ್ರೇ. ಸಣ್ಣದಿರುವಾಗ್ಲೇ ಪರೀಕ್ಷೆ ಮಾಡಿ ಹೇಳಿದ್ದಾರೆ."

"ಕೊಳ್ಳಿ ಹಿಡಿಯುವಷ್ಟು ಉಂಟಲ್ಲ? ಸಾಕು."

ತಾರಾನಾಥನಿಗೆ ತಣ್ಣೀರು ಸುರಿದು, ಒದ್ದೆ ಪಂಚೆಯಲ್ಲಿ ತಂದು ನಿಲ್ಲಿಸಿದರು. ಭಟ್ಟರು ಹೇಳಿಕೊಟ್ಟದ್ದನ್ನು ಅವನು ತಡವರಿಸುತ್ತ ಹೇಳಿದ. ನಡುವೆ ಭಟ್ಟರು, "ತೀರಿಕೊಂಡವರ ಹೆಸರು ಹೇಳಿ," ಎಂದರು.

"ಅಕ್ಕ," ಎಂದ ತಾರಾನಾಥ.

"ಅಕ್ಕ ಸರಿ. ಹೆಸರು ಎಂತ?"

"ಅಕ್ಕ."

ಐವತ್ತೊಂದು ವರ್ಷದಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. ಹೆಸರು ಗೊತ್ತಿಲ್ಲದೆ ಅಲ್ಲ. ಅದು ನಾಲಗೆಯ ಮೇಲೆ ಬರಲಿಲ್ಲ. ಹಿಂದಿನಿಂದ ಸರ್ವೋತ್ತಮ, "ಪ್ರಫುಲ್ಲಾ," ಎಂದು ಹೇಳಿ, ನಾನು ಹೇಳಲಿಲ್ಲವೇ ಎಂಬಂತೆ ಭಟ್ಟರ ಮುಖ ನೋಡಿದ.

ಕೊಳ್ಳಿ ಇಟ್ಟಾಯಿತು. ಕಟ್ಟಿಗೆ ಹಸಿಯಿತ್ತೋ ಏನೋ, ಮೊದಲು ಬರೀ ಹೊಗೆ ಬಂತು.

*

ಅವರ ತಂದೆ ಶಹಾಡಿನ ಗಿರಣಿಯೊಂದರ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ. ಉಡುಪಿಯ ಬಳಿಯ ಊರಿನಲ್ಲಿ ತಾಯಿ ತೀರಿಕೊಂಡ ಮೇಲೆ ಮೂರು ಮಕ್ಕಳನ್ನೂ ತನ್ನ ಬಳಿಗೆ ಕರೆಸಿಕೊಂಡ. ಸರ್ವೋತ್ತಮ ಆಗಲೇ ದುಡಿಯುವ ಪ್ರಾಯದವ, ಹೋಟೆಲಿಗೆ ಸೇರಿದ. ಪ್ರಫುಲ್ಲಾ ಹದಿನಾಲ್ಕರ ಹುಡುಗಿ, ಊರಲ್ಲೇ ಓದುತ್ತಿದ್ದವಳು, ಇಲ್ಲಿ ಕನ್ನಡ ಶಾಲೆ ಹುಡುಕಿಕೊಂಡಳು. ತಾರಾನಾಥನಿಗೆ ಎಂಟು ವರ್ಷ. ತುಳು ಬಿಟ್ಟು ಬೇರೆ ಮಾತು ಅವನಿಗೆ ತಿಳಿಯದು. ಮನೆಗೆ ಹತ್ತಿರವೆಂದು ಮರಾಠಿ ಶಾಲೆಗೆ ಹಾಕಿದರು. ಅವನು ಅಲ್ಲಿ ಬಾಯಿ ಬಿಡದೆ ಕುಳಿತ.

ಮಳೆಗಾಲ ಕಳೆದ ಮೇಲೆ ಮಕ್ಕಳ ಬುದ್ಧಿ ಅಳೆಯುವವರು ಬಂದರು. ಹಿಂದುಳಿದ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆಸಿದರು. ಮನೆಯವರು ಯಾರಾದರೂ ಬರಬೇಕೆಂದಾಗ ತಂದೆಗೆ ಕ್ಯಾಂಟೀನು ಬಿಡಲಾಗದೆ ಪ್ರಫುಲ್ಲಾ ಹೋದಳು. ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಒಳಗೆ ಮೇಜಿನ ಆಚೆ ಕುಳಿತಿದ್ದ ಮಾಸ್ತರರು ಚಿತ್ರ ತೋರಿಸಿ ಮರಾಠಿಯಲ್ಲಿ ಏನೋ ಕೇಳುತ್ತಿದ್ದರು. ತಮ್ಮ ಚಿತ್ರವನ್ನೂ ನೋಡದೆ ಮಾಸ್ತರರನ್ನೂ ನೋಡದೆ ಕಾಲಬೆರಳು ನೋಡುತ್ತಿದ್ದ. ತಡೆಯಲಾರದೆ ಅವಳು ಹೊರಗಿನಿಂದಲೇ, "ತಾರ, ದಾದ ತೋಜುಂಡು ಪಣ್ಲ," ಎಂದಳು. ಏನು ಕಾಣುತ್ತದೆ ಹೇಳು ಎಂದು. ಮಾಸ್ತರರು ತಲೆ ಎತ್ತಿ ತುಟಿಯ ಮೇಲೆ ಬೆರಳಿಟ್ಟರು.

ಐವತ್ತಾರು ಎಂದು ಬಂತು. ಮಂದಬುದ್ಧಿ. ಇವನನ್ನು ಇಲ್ಲಿ ಕೂರಿಸುವುದು ಜಾಗ ದಂಡ ಎಂದು ಹೆಡ್‌ಮಾಸ್ತರರು ತಂದೆಗೆ ಹೇಳಿದರು. ಮುಂದಿನ ವಾರ ತಾರಾನಾಥ ಕ್ಯಾಂಟೀನಿನ ಹಿಂದೆ, ತೊಟ್ಟಿಗೆ ಕೈ ನಿಲುಕದೆ, ಮಗುಚಿದ ಪೆಟ್ಟಿಗೆಯ ಮೇಲೆ ನಿಂತು ಲೋಟ ತೊಳೆಯುತ್ತಿದ್ದ.

ಅವನಿಗೆ ದುಃಖವೇನೂ ಆಗಲಿಲ್ಲ. ಅಲ್ಲಿ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಅಣ್ಣ ಶಹಾಡ್ ಸ್ಟೇಷನ್ನಿನ ಹತ್ತಿರ ಸ್ವಂತ ಹೋಟೆಲು ಹಾಕಿದಾಗ ಅಲ್ಲಿಗೆ ಬಂದು, ಅಲ್ಲೂ ಲೋಟ ತೊಳೆದ. ತನ್ನ ತಲೆ ಇಷ್ಟೇ ಎಂದು ನಂಬಿದ. ನಂಬುವುದು ಕಷ್ಟವಿರಲಿಲ್ಲ, ಸುತ್ತಲಿದ್ದವರೆಲ್ಲ ನಂಬಿದ್ದರು.

ನಂಬದೆ ಉಳಿದವಳು ಅಕ್ಕ ಒಬ್ಬಳು. ಅವಳು ಮನಶ್ಶಾಸ್ತ್ರ ಓದಿದಳು, ಮದುವೆಯ ಮಾತು ಬಂದಾಗೆಲ್ಲ ಆಮೇಲೆ ಎಂದಳು, ಕಾಲೇಜಿಗೆ ಸೇರಿದಳು. ಬುದ್ಧಿಯ ಪರೀಕ್ಷೆಗಳನ್ನು ಹೇಗೆ ನಡೆಸಬೇಕೆಂದು ಎಲ್ಲರೂ ಕಲಿಸುತ್ತಿದ್ದರು. ಅವು ಎಲ್ಲಿಂದ ಬಂದವು, ಯಾರ ಮಕ್ಕಳ ಮೇಲೆ ಅಳತೆ ಹಾಕಿ ಹೊಲಿದವು, ಯಾರ ಮಕ್ಕಳಿಗೆ ತೊಡಿಸಿದವು ಎಂದು ಕೇಳುವವರಿರಲಿಲ್ಲ. ಅವಳು ಅದನ್ನೇ ಹಿಡಿದಳು. ಭಾನುವಾರಗಳಲ್ಲಿ ಥಾಣೆಯ ಹಳೇ ಪುಸ್ತಕದಂಗಡಿ, ಮುಂಬಯಿಯ ಲೈಬ್ರರಿ, ರಜೆಯಲ್ಲಿ ಪುಣೆ, ಮೈಸೂರು. ಚೀಲ ಹಿಡಿಯಲು ತಾರಾನಾಥ ಜತೆಗೆ ಹೋಗುತ್ತಿದ್ದ. ಅವಳು ಹಳೆಯ ಕಾಗದದ ಧೂಳಿಗೆ ಕೆಮ್ಮುತ್ತ ಬರೆದುಕೊಳ್ಳುವಾಗ ಅವನು ಹೊರಗಿನ ಬೆಂಚಿನಲ್ಲಿ ಕುಳಿತು ಕಡಲೆ ತಿನ್ನುತ್ತಿದ್ದ. ೨೦೦೪ರಲ್ಲಿ ಅವಳಿಗೆ ಪಿಎಚ್.ಡಿ. ಬಂತು. "ಡಾಕ್ಟರ್ ಆದ್ಳು, ಜ್ವರಕ್ಕೆ ಮದ್ದು ಗೊತ್ತಿಲ್ಲ," ಎಂದು ಸರ್ವೋತ್ತಮ ಹೋಟೆಲಿಗೆ ಬಂದವರಿಗೆಲ್ಲ ಹೇಳಿ ನಕ್ಕು, ಎಲ್ಲರಿಗೂ ಜಿಲೇಬಿ ಕೊಟ್ಟ.

ಅಷ್ಟು ವರ್ಷ ಅವಳು ಹುಡುಕುತ್ತಿದ್ದದ್ದು ತನಗಾಗಿ ಎಂದು ತಾರಾನಾಥನಿಗೆ ಗೊತ್ತಿರಲಿಲ್ಲ. ಓದಿದವರಿಗೆ ಏನೋ ಒಂದು ಹುಡುಕುವುದಿರುತ್ತದೆ ಎಂದುಕೊಂಡಿದ್ದ.

*

ಚಿತೆ ಹಿಡಿದುಕೊಂಡ ಮೇಲೆ ಜನ ಚದುರಿ ಬಾದಾಮಿ ಮರದ ಕೆಳಗಿನ ಕಲ್ಲುಬೆಂಚುಗಳಲ್ಲಿ ಕುಳಿತರು. ತಾರಾನಾಥ ಬೆಂಚುಗಳ ಹಿಂದಿನ ಜಗಲಿಯಲ್ಲಿ, ಒದ್ದೆ ಪಂಚೆಯಲ್ಲೇ, ಗೋಡೆಗೊರಗಿ ಕುಳಿತ. ಅವನ ಮುಂದಿನ ಬೆಂಚಿನಲ್ಲಿ ಅಕ್ಕನ ಜತೆ ಕೆಲಸ ಮಾಡಿ ನಿವೃತ್ತರಾಗಿದ್ದ ಮೈಸೂರಿನ ನಾಗರಾಜ ಸರ್ ಇದ್ದರು, ಪಕ್ಕದಲ್ಲಿ ಹರ್ಷಿತಾ. ಹರ್ಷಿತಾ ಅಕ್ಕನ ಹಳೆಯ ವಿದ್ಯಾರ್ಥಿನಿ. ಈಗ ಥಾಣೆಯಲ್ಲಿ ಕ್ಲಿನಿಕ್ ಇಟ್ಟು ಮನಸ್ಸಿನ ಕಾಯಿಲೆಗೆ, ಮಕ್ಕಳ ಕಲಿಕೆಯ ತೊಂದರೆಗೆ ನೋಡುತ್ತಿದ್ದಳು. ಹೆಂಗಸರು ಬರುವುದಿಲ್ಲ ಎಂದವರಿಗೆ ಉತ್ತರ ಕೊಡದೆ ಗಾಡಿಯ ಹಿಂದೆ ರಿಕ್ಷಾ ಮಾಡಿಕೊಂಡು ಬಂದಿದ್ದಳು.

"ಎಂಥಾ ತಲೆ ರೀ ಅವರದು," ಎಂದರು ನಾಗರಾಜ ಸರ್. "ಆಫೀಸಿನವರ ಟೆನ್ಷನ್ನು, ಹುಡುಗರ ಮೊಬೈಲ್ ಚಟ, ಅಂಥದ್ದೇನಾದ್ರೂ ಹಿಡ್ಕೊಂಡಿದ್ರೆ ಪ್ರಿನ್ಸಿಪಾಲಾಗಿ ಕೂತಿರ್ತಿದ್ರು. ಮನಶ್ಶಾಸ್ತ್ರದ ಚರಿತ್ರೆ ಯಾರಿಗೆ ಬೇಕು ಹೇಳಿ. ಸೈಕಾಲಜಿಯೋರು ಇದು ಹಿಸ್ಟರಿ ಅಂದ್ರು. ಹಿಸ್ಟರಿಯೋರು ಇದು ಸೈಕಾಲಜಿ ಅಂದ್ರು. ಇವರು ಎರಡರ ಮಧ್ಯೆ ನಿಂತ್ಕೊಂಡು ಇಪ್ಪತ್ತು ವರ್ಷ ಕಳೆದ್ರು."

"ಪುಸ್ತಕ ಮುಗಿಸ್ಬೇಕಿತ್ತು ಸರ್," ಎಂದಳು ಹರ್ಷಿತಾ. "ಒಂದೇ ಚಾಪ್ಟರ್ ಬಾಕಿ ಇತ್ತು. ಸಿಕ್ಕಿದಾಗೆಲ್ಲ ಕೇಳ್ತಿದ್ದೆ. ಬರೋ ರಜಾದಲ್ಲಿ ಅಂತಿದ್ರು."

"ಮುಗಿಸಲ್ಲ ಅಂತ ನಂಗೆ ಮೈಸೂರಲ್ಲೇ ಗೊತ್ತಾಯ್ತು. ಎರಡು ಸಾವಿರದ ಏಳು ಇರ್ಬೇಕು, ಒಂದು ಸೆಮಿನಾರು. ಆ ಕಡೇ ಚಾಪ್ಟರೇ ಓದ್ಬೇಕಿತ್ತು ಇವರು. ಹಾಲ್ ತುಂಬಿತ್ತು. ಇದು ಎಂಟು ವರ್ಷದ ಒಬ್ಬ ಹುಡುಗನ ಕತೆ ಅಂತ ಶುರು ಮಾಡಿದ್ರು. ಅಷ್ಟೇ. ನಿಂತ್ಬಿಟ್ರು. ನೀರು ಕುಡಿದ್ರು. ಆಮೇಲೆ ಹಾಳೆಗಳನ್ನ ಮಡಿಚಿ, ಕ್ಷಮಿಸಿ, ಇದನ್ನ ಓದೋ ಹಕ್ಕು ನಂಗಿಲ್ಲ ಅಂತ ಇಳಿದು ಬಂದ್ರು."

ಹರ್ಷಿತಾ ತಿರುಗಿ ಅವರನ್ನು ನೋಡಿದಳು. "ಇದನ್ನ ನಂಗೆ ಯಾವತ್ತೂ ಹೇಳಿಲ್ಲ."

"ಯಾರಿಗೂ ಹೇಳಿಲ್ಲಮ್ಮ. ವಾಪಸ್ ಬರೋವಾಗ ಟ್ರೈನಲ್ಲಿ ನಾನೇ ಕೇಳ್ದೆ, ಏನಾಯ್ತು ಮೇಡಂ ಅಂತ. ಅವನು ಬೇಡ ಅಂದಿದಾನೆ ಸರ್ ಅಂದ್ರು. ಯಾರು ಅಂದ್ರೆ ಕಿಟಕಿ ಆಚೆ ನೋಡಿದ್ರು. ಅವತ್ತಿಂದ ಈಚೆ ಒಂದು ಅಕ್ಷರ ಅಚ್ಚಾಗಲಿಲ್ಲ."

ಜಗಲಿಯ ಮೇಲೆ ತಾರಾನಾಥ ಅಲ್ಲಾಡದೆ ಕುಳಿತಿದ್ದ. ಬೇಡ ಅಂದವನು ಯಾರು ಎಂದು ಅವನಿಗೆ ಗೊತ್ತಿತ್ತು.

*

೨೦೦೬ರ ಮಳೆಗಾಲ ಮುಗಿಯುತ್ತಿದ್ದ ಒಂದು ಭಾನುವಾರ ಅಕ್ಕ ಅವನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಥಾಣೆಗೆ ಕರೆದುಕೊಂಡು ಹೋದಳು. ಕೆರೆಯ ಹಿಂದಿನ ಗಲ್ಲಿಯ ಹಳೇ ಮನೆಯೊಂದರಲ್ಲಿ ಪರಚುರೆ ಗುರೂಜಿ ಎಂಬವರಿದ್ದರು. ಎಂಬತ್ತು ದಾಟಿದ ಮುದುಕ, ದಪ್ಪ ಕನ್ನಡಕ. ಒಂದು ಕಾಲದಲ್ಲಿ ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಬುದ್ಧಿ ಅಳೆಯುತ್ತಿದ್ದವರು. ಅಂಥವರು ಯಾರಾದರೂ ಬದುಕಿದ್ದಾರೆಯೇ ಎಂದು ಅಕ್ಕ ನಿವೃತ್ತ ಮಾಸ್ತರರನ್ನೆಲ್ಲ ವರ್ಷಗಟ್ಟಲೆ ಕೇಳುತ್ತ ಬಂದು ಕೊನೆಗೆ ಇವರನ್ನು ಕಂಡುಹಿಡಿದಿದ್ದಳು. ಟೀಪಾಯಿಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಮರಾಠಿಯಲ್ಲಿ ಪ್ರಶ್ನೆ ಕೇಳಿದಳು. ಅಷ್ಟು ಹೊತ್ತಿಗೆ ತಾರಾನಾಥನಿಗೂ ಮರಾಠಿ ಮನೆಮಾತಿನಷ್ಟೇ ಸಲೀಸಾಗಿತ್ತು.

"ದಿನಕ್ಕೊಂದು ಶಾಲೆ," ಎಂದರು ಗುರೂಜಿ. "ಮರಾಠಿ ಬಾರದ ಮಕ್ಕಳಿಗೆ ಈ ಪರೀಕ್ಷೆ ಕೊಡಬಾರದು ಅಂತ ನಮಗೆ ಹೇಳಿಕೊಟ್ಟೇ ಕಳಿಸಿದ್ದರು. ಆದರೆ ಶಾಲೆಯವರು ಎಲ್ಲರದ್ದೂ ಬರೆದುಕೊಡಿ ಅನ್ನೋರು. ಸಂಜೆ ಲೋಕಲ್ ಹಿಡಿಯುವ ಅವಸರ ನಮಗೆ. ಬರೆದುಕೊಡ್ತಿದ್ದೆವು."

"ಇವನು ನನ್ನ ತಮ್ಮ," ಎಂದಳು ಅಕ್ಕ. "ಶಹಾಡಿನ ಶಾಲೆ. ಅಲ್ಲಿಗೆ ಬಂದವರು ನೀವೇ."

ಗುರೂಜಿ ತಾರಾನಾಥನನ್ನು ಬಹಳ ಹೊತ್ತು ನೋಡಿದರು. ಅವರಿಗೆ ನೆನಪಾಗಲಿಲ್ಲ. "ನಿನಗೇನಾದರೂ ನೆನಪಿದೆಯೇ?" ಎಂದು ಅವನನ್ನೇ ಕೇಳಿದರು.

ಅವನಿಗೆ ನೆನಪಿತ್ತು. "ಒಂದು ಹೆಂಗಸಿನ ಮುಖ," ಎಂದ. "ಮೂಗು ಇರಲಿಲ್ಲ."

"ಅದೇ ಉತ್ತರ. ಏನು ಇಲ್ಲ ಅನ್ನುವುದೇ ಪ್ರಶ್ನೆ. ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

ಊರಲ್ಲಿ ಕಾಯಿಲೆಯಿಂದ ಮೂಗು ಹೋದ ಒಬ್ಬ ಮುದುಕನಿದ್ದ ಎಂದು ತಾರಾನಾಥ ಹೇಳಿದ. ಅವನು ಅಂಗಳಕ್ಕೆ ಬಂದಾಗ ಮುಖವನ್ನು ದಿಟ್ಟಿಸಬಾರದು, ಮೂಗಿನ ಮಾತು ಎತ್ತಲೇಬಾರದು, ಅವನಿಗೆ ನೋವಾಗುತ್ತದೆ ಎಂದು ತಾಯಿ ಹೇಳಿದ್ದಳು. ತಾಯಿ ತೀರಿಕೊಂಡು ಆಗ ಇನ್ನೂ ವರ್ಷ ತುಂಬಿರಲಿಲ್ಲ.

"ಸಾಂಗಾಯ್ಚಂ ಹೋತಂಸ ರೇ, ಬಾಳಾ," ಎಂದರು ಗುರೂಜಿ. ಹೇಳಬೇಕಿತ್ತಲ್ಲೋ, ಮಗೂ. ಆಮೇಲೆ ಸೊಸೆಯನ್ನು ಕರೆದು ಲಾಡು ತರಿಸಿ ಅವನ ಕೈಗೆ ತಾವೇ ಕೊಟ್ಟರು.

ಹಿಂತಿರುಗುವಾಗ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಕ್ಕನ ಮುಖ ಅಷ್ಟು ಬೆಳಗಿದ್ದನ್ನು ಅವನು ಹಿಂದೆ ಕಂಡಿರಲಿಲ್ಲ. ಇಬ್ಬರೇ ಇದ್ದಾಗ ಅವರು ಆಡುವುದು ತುಳು. "ನಿನಗೆ ಏನೂ ಆಗಿರಲಿಲ್ಲ ತಾರ," ಎಂದಳು ಅವನ ಕೈ ಹಿಡಿದು. "ಏನೂ ಅಂದ್ರೆ ಏನೂ."

"ಹಾಗಾದ್ರೆ ನಾನು ಕಲೀಬಹುದಿತ್ತಾ?"

"ಕಲೀಬಹುದಿತ್ತು."

"ನಿನ್ನ ಹಾಗೆ?"

"ನನ್ನ ಹಾಗೆ. ನನಗಿಂತ ಹೆಚ್ಚೇ ಇರಬಹುದು."

ತಾರಾನಾಥ ಕಿಟಕಿಯಾಚೆ ಮುಂಬ್ರಾದ ಉಪ್ಪುನೀರಿನ ಖಾರಿಯ ಕೆಸರನ್ನು ನೋಡುತ್ತಿದ್ದ. ಅವನ ಕೈ ಅವಳ ಕೈಯೊಳಗಿಂದ ಯಾವಾಗ ಜಾರಿತೋ ಅವಳಿಗೆ ತಿಳಿಯಲಿಲ್ಲ.

ಮರುದಿನ ಅವನು ಹೋಟೆಲಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದ. ಅಣ್ಣ ಬಂದು ಬೈದು ಹೋದ. ಅಕ್ಕ ಕಾಲೇಜಿಗೆ ರಜೆ ಹಾಕಿ, ನೀರುದೋಸೆ ಹೊಯ್ದು, ಬಟ್ಟಲು ಹಿಡಿದು ಪಕ್ಕದಲ್ಲಿ ಕುಳಿತಳು. ಅವನು ಗೋಡೆಯೊಂದಿಗೆ ಮಾತಾಡುವವನಂತೆ ಹೇಳಿದ:

"ನಂಗೆ ಬುದ್ಧಿ ಇಲ್ಲ ಅಂತ ಇದ್ದಾಗ ಎಲ್ಲ ಸರಿ ಇತ್ತಕ್ಕ. ಅಣ್ಣ ಬೈದ್ರೂ ಸರಿ. ಮದುವೆ ಆಗದಿದ್ರೂ ಸರಿ. ದೇವರು ಕೊಟ್ಟದ್ದೇ ಇಷ್ಟು ಅಂತ ಇತ್ತು. ಈಗ ಬುದ್ಧಿ ಇತ್ತು ಅಂತ ನೀನು ಹೇಳ್ತಿ. ಹಾಗಾದ್ರೆ ಇಷ್ಟು ವರ್ಷ ಆದದ್ದೆಲ್ಲ ಯಾಕೆ ಆಯ್ತು? ನೀನು ಇದನ್ನು ಹುಡುಕದೆ ಇದ್ದಿದ್ರೆ ಒಳ್ಳೇದಿತ್ತು. ಇನ್ನು ಯಾರಿಗೂ ಹೇಳ್ಬೇಡ."

ಅಕ್ಕ ಬಟ್ಟಲನ್ನು ನೆಲದ ಮೇಲಿಟ್ಟಳು. "ಹೇಳುದಿಲ್ಲ," ಎಂದಳು.

ಮರುದಿನ ಅವನು ಎದ್ದು ಹೋಟೆಲಿಗೆ ಹೋದ. ಆ ಮಾತನ್ನು ಮುಂದೆ ಇಬ್ಬರೂ ಎತ್ತಲಿಲ್ಲ. ಅವಳು ಸಂಜೆ ಮೇಜಿನ ಮುಂದೆ ಕುಳಿತು ಪೆನ್ನು ಹಿಡಿದೇ ಇರುತ್ತಿದ್ದಳು, ಕನ್ನಡಕ ಒರೆಸುತ್ತಿದ್ದಳು, ಮತ್ತೆ ಪೆನ್ನು ಹಿಡಿಯುತ್ತಿದ್ದಳು. ಅವಳು ಬರೆಯುತ್ತಿದ್ದಾಳೆ ಎಂದೇ ಅವನು ಇಷ್ಟು ವರ್ಷ ತಿಳಿದಿದ್ದ.

*

ಸ್ಮಶಾನದಿಂದ ಬಂದು, ಕಟ್ಟಡದ ಕೆಳಗಿನ ನಲ್ಲಿಯಲ್ಲಿ ಸ್ನಾನ ಮಾಡಿ ಮೇಲೆ ಹತ್ತಿದಾಗ ಸಂಜೆಯಾಗಿತ್ತು. ಅಕ್ಕನನ್ನು ಮಲಗಿಸಿದ್ದ ಜಾಗದಲ್ಲಿ ಭೀಮಮ್ಮ ದೀಪ ಹಚ್ಚಿಟ್ಟಿದ್ದಳು. ಸೋನಾಲಿ ಡೊಂಬಿವಲಿಗೆ ಹೊರಟು ಹೋಗಿದ್ದಳು. ಅಲ್ಲಿ ಅವಳ ತಾಯಿ ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಳು, ಒಬ್ಬಳನ್ನೇ ಹೆಚ್ಚು ಹೊತ್ತು ಬಿಡುವ ಹಾಗಿರಲಿಲ್ಲ. ಭೀಮಮ್ಮ ಎಲ್ಲರಿಗೂ ಚಹಾ ಕೊಟ್ಟಳು. ತಾರಾನಾಥ ದೀಪದ ಹತ್ತಿರ ಕುಳಿತ. ಉಳಿದವರು ಅವನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅವನ ಬಗ್ಗೆ ಮಾತಾಡಿದರು.

"ತುರ್ಭೆಯ ಆಚೆ ಒಂದು ಆಶ್ರಮ ಉಂಟು," ಎಂದ ಸರ್ವೋತ್ತಮ, ಹರ್ಷಿತಾಳಿಗೆ. "ಇಂಥವರನ್ನು ಇಟ್ಕೊಳ್ತಾರೆ. ಮಧ್ಯಾಹ್ನವೇ ಫೋನ್ ಮಾಡಿದೆ. ಒಂದು ಜಾಗ ಖಾಲಿ ಉಂಟಂತೆ. ನಾಳೆ ಬೆಳಿಗ್ಗೆ ಹೇಳದಿದ್ರೆ ಬೇರೆಯವರಿಗೆ ಹೋಗ್ತದೆ. ನಿಮ್ಮಂಥವರು ಪರೀಕ್ಷೆ ಮಾಡಿ ಬರೆದು ಕೊಡ್ಬೇಕು, ಬುದ್ಧಿ ಎಷ್ಟು ಅಂತ. ಎಪ್ಪತ್ತರ ಕೆಳಗೆ ಇರ್ಬೇಕಂತೆ."

ಹರ್ಷಿತಾ ಚಹಾದ ಲೋಟ ಕೆಳಗಿಟ್ಟಳು. "ಅಂಕಲ್, ನನ್ನ ಹತ್ರ ಇದನ್ನ ಕೇಳ್ಬೇಡಿ. ಇದೇ ಮನೇಲಿ ಕೂತ್ಕೊಂಡು, ಮೇಡಂ ಇಡೀ ಲೈಫ್ ಆ ನಂಬರ್ ಸುಳ್ಳು ಅಂತ... ಬೂದಿ ಕೂಡ ಆರಿಲ್ಲ. ನಾನು ಹೇಗೆ ಬರೀಲಿ?"

"ಅದು ನಂಗೆ ಗೊತ್ತಿಲ್ಲ. ಸುಳ್ಳೋ ಸತ್ಯವೋ, ಅದು ಓದಿದವರ ಮಾತು. ಇವನು ಇವತ್ತು ಎಲ್ಲಿ ಮಲಗುದು, ಅದು ನನ್ನ ಮಾತು." ಸರ್ವೋತ್ತಮ ಉಸಿರು ಎಳೆದುಕೊಂಡ. "ಹೋಟೆಲ್ ಹೋಯ್ತು. ನನ್ನ ಎದೆಗೆ ಎರಡು ಸಲ ಆಪರೇಷನ್ ಆಗಿದೆ. ಮನೇಲಿ ಅವಳನ್ನು ಎತ್ತಿ ಕೂರಿಸುವವ ನಾನೊಬ್ಬನೇ. ನಾನು ಸತ್ರೆ ಅವಳಿಗಾದ್ರೂ ಮಗಳು ಉಂಟು. ಇವನಿಗೆ ಯಾರು? ನೀವು ಕರ್ಕೊಂಡು ಹೋಗ್ತೀರಾ?"

ಅವನು ಸಿಟ್ಟಿನಿಂದ ಕೇಳಿದ್ದಲ್ಲ. ಉತ್ತರವಿದ್ದರೆ ಸಿಗಲಿ ಎಂದೇ ಕೇಳಿದ್ದ.

"ಹಗಲೊತ್ತು ನಾ ನೋಡ್ಕೋತೀನ್ರಿ," ಎಂದಳು ಭೀಮಮ್ಮ ಬಾಗಿಲ ಬಳಿಯಿಂದ. "ಒಂದ್ ತುತ್ತು ಕೊಡ್ತೀನಿ. ಆದ್ರ ರಾತ್ರಿ ಏನರ ಆತಂದ್ರ? ಮುಂಜಾನಿ ಬಾಗಲಾ ಒಡೀಬೇಕಂತ ಅಂವಗ ಹೊಳೀಲಿಲ್ರಿ. ನಾ ಸುಳ್ಳ್ಯಾಕ ಹೇಳ್ಲಿ."

ಸರ್ವೋತ್ತಮ ಎದ್ದು ಅಡುಗೆಮನೆಗೆ ಹೋಗಿ ಮುಖ ತೊಳೆದ. ನಲ್ಲಿ ಬಿಟ್ಟೇ ಇತ್ತು. ನೀರಿನ ಸದ್ದಿನ ನಡುವೆ ಅವನು ಬಿಕ್ಕುವುದು ಕೇಳಿಸಿತು. ತಂದೆ ಸತ್ತಾಗಲೂ ಅಳದಿದ್ದ ಅಣ್ಣ.

"ಹರ್ಷಿತಾ," ಎಂದ ತಾರಾನಾಥ. "ಪರೀಕ್ಷೆ ಮಾಡು."

ಅವಳು ಬೆಚ್ಚಿ ನೋಡಿದಳು. "ತಾರಾ ಅಂಕಲ್, ಇವತ್ತು ಬೇಡ."

"ಜಾಗ ಹೋಗ್ತದೆ."

"ನೀವು ಇಲ್ಲೇ ಇರಬಹುದು. ಗ್ಯಾಸು, ಬ್ಯಾಂಕು, ಎಲ್ಲಾ ಕಲೀಬಹುದು. ನಾನು ವಾರಕ್ಕೊಂದ್ಸಲ ಬರ್ತೀನಿ. ನಿಜವಾಗ್ಲೂ ಬರ್ತೀನಿ."

ಕಲಿಯಬಹುದು ಎಂದು ಅವಳು ಹೇಳಿದ ಬಗೆಯಲ್ಲಿ ಅಕ್ಕನ ದನಿ ಇತ್ತು. ಅಕ್ಕನೇ ಕಲಿಸಿದ ಹುಡುಗಿ. ತಾರಾನಾಥ ಚಿಲಕ ಮುರಿದ ಬಚ್ಚಲಿನ ಬಾಗಿಲನ್ನೂ, ಒಲೆಯನ್ನೂ, ಅಕ್ಕನ ಖಾಲಿ ಮಂಚವನ್ನೂ ನೋಡಿದ. ಎಪ್ಪತ್ತರ ಆ ಗೆರೆಯ ಕೆಳಗಿದ್ದವರಿಗೆ ತುರ್ಭೆಯ ಆಚೆ ಒಂದು ಹಾಸಿಗೆ ಇತ್ತು. ಮೇಲಿದ್ದವರಿಗೆ ಊರೆಲ್ಲ ಇತ್ತು. ಮೇಲೆ ಹುಟ್ಟಿ ಕೆಳಗೆ ಬದುಕಿದವನಿಗೆ ಎಲ್ಲಿಯೂ ಏನೂ ಇರಲಿಲ್ಲ.

"ಅಣ್ಣ ಅಳ್ತಾ ಇದ್ದಾನೆ," ಎಂದ. "ಮಾಡು."

ಹರ್ಷಿತಾ ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಬಂದ ಹಾಗೆ ಬರೀತೀನಿ," ಎಂದಳು. "ಏನು ಬರುತ್ತೋ ಅದನ್ನೇ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ." ಬೆಳಗ್ಗೆ ಸುದ್ದಿ ತಿಳಿದಾಗ ಅವಳು ಕ್ಲಿನಿಕ್ಕಿನಿಂದ ನೇರ ಬಂದಿದ್ದಳು, ದಿನಾ ಬಳಸುವ ಪರೀಕ್ಷೆಯ ಸಾಮಾನು ಚೀಲದಲ್ಲೇ ಇತ್ತು. ಅಕ್ಕನ ಮೇಜಿನ ಮೇಲೆ ಅದನ್ನು ಹರಡಿದಳು. ಸರ್ವೋತ್ತಮ ಮುಖ ಒರೆಸುತ್ತ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನಾನು ಹೇಳೋ ಅಂಕಿಗಳನ್ನ ಹಿಂದಿನಿಂದ ಹೇಳಿ. ಏಳು, ಎರಡು, ಒಂಬತ್ತು."

ತಾರಾನಾಥ ಯೋಚಿಸಿದ. ತುಟಿ ಒಂದು ಸಲ ಅಲುಗಿತು. "ಏಳು, ಒಂಬತ್ತು, ಎರಡು," ಎಂದ. ಅವಳ ಮುಖ ನೋಡಿದ. "ತಪ್ಪಾಯ್ತಾ?"

ಅವಳು ಉತ್ತರ ಕೊಡಲಿಲ್ಲ. ಪರೀಕ್ಷೆ ಮಾಡುವವರು ಉತ್ತರ ಕೊಡುವಂತಿಲ್ಲ.

"ಗಾಳಿ, ನೀರು. ಇವೆರಡೂ ಯಾವುದರಲ್ಲಿ ಒಂದೇ ತರ?"

"ಗೊತ್ತಿಲ್ಲ," ಎಂದ. ಇದು ನಿಜವಾಗಿ ಗೊತ್ತಿರಲಿಲ್ಲ. ಆಮೇಲಿನ ಎರಡು ಪ್ರಶ್ನೆಗಳಿಗೂ ಗೊತ್ತಿಲ್ಲ ಎಂದ. ಅವುಗಳಲ್ಲಿ ಯಾವುದು ಗೊತ್ತಿಲ್ಲದ್ದು, ಯಾವುದು ಗೊತ್ತಿಲ್ಲ ಎಂದು ಹೇಳಿದ್ದು ಎಂಬುದು ಅವನಿಗೇ ಗೋಜಲಾಯಿತು. ಪ್ರತಿ ಸಲವೂ ಅವಳ ಪೆನ್ನಿನ ತುದಿಯನ್ನು ನೋಡುತ್ತಿದ್ದ. ಎಂಟನೇ ವಯಸ್ಸಿನಲ್ಲಿ ಸುಮ್ಮನೆ ಕುಳಿತರೆ ಸಾಕಾಗಿತ್ತು. ಈಗ ಎಷ್ಟು ತಪ್ಪು ಹೇಳಿದರೆ ಸಾಕು ಎಂದು ತಿಳಿಯುತ್ತಿರಲಿಲ್ಲ.

ಹರ್ಷಿತಾ ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದು ಕೆಂಪು-ಬಿಳಿ ಬಣ್ಣದ ಮರದ ತುಂಡುಗಳನ್ನು ಮೇಜಿನ ಮೇಲೆ ಸುರಿದಳು. ಒಂದು ಕಾರ್ಡು ನಿಲ್ಲಿಸಿದಳು. ಅದರಲ್ಲಿ ಕೆಂಪು ಚೌಕದೊಳಗೆ ಓರೆಯಾದ ಬಿಳಿಯ ಚೌಕವಿತ್ತು. "ಇದೇ ತರ ಜೋಡಿಸಿ," ಎಂದು ಗಡಿಯಾರ ಒತ್ತಿದಳು.

ಮರದ ತುಂಡುಗಳು ನುಣುಪಾಗಿದ್ದವು. ತಾರಾನಾಥ ಅವನ್ನು ಮುಟ್ಟಿದ. ಇದು ಮಾತಲ್ಲ, ಬಾಯಿಗೆ ಬರಬೇಕಾದದ್ದಲ್ಲ, ಯಾವ ಭಾಷೆಯದೂ ಅಲ್ಲ. ಬೆರಳುಗಳು ಒಂದನ್ನು ತಿರುಗಿಸಿ ಇನ್ನೊಂದಕ್ಕೆ ತಾಗಿಸಿದವು, ಹೊರಳಿಸಿದವು, ಸರಿಸಿದವು. ಒಂದು ಗಳಿಗೆ ಅವನು ಆಶ್ರಮವನ್ನೂ ಮರೆತ, ಬಾಗಿಲಲ್ಲಿ ನಿಂತ ಅಣ್ಣನನ್ನೂ ಮರೆತ. ಕೆಳಗೆ ಹಳಿಯ ಮೇಲೆ ಕಲ್ಯಾಣದ ಕಡೆಗೆ ಗಾಡಿಯೊಂದು ಹೋಯಿತು. ಕೊನೆಯ ತುಂಡು ಕೂತಾಗ ಮೇಜಿನ ಮೇಲೆ ಕಾರ್ಡಿನಲ್ಲಿದ್ದದ್ದೇ ಇತ್ತು, ಒಂದು ಕೂದಲೆಳೆಯ ಸಂದಿಯೂ ಇಲ್ಲದೆ.

ಹರ್ಷಿತಾಳ ಕಣ್ಣು ತುಂಬಿತು. ಅವಳು ಗಡಿಯಾರ ನಿಲ್ಲಿಸಲು ಕೈ ಮುಂದೆ ಮಾಡಿದಳು.

ತಾರಾನಾಥ ಅವಳ ಮುಖವನ್ನು ನೋಡಿದ. ನೋಡುತ್ತಲೇ ಬಲಗೈಯ ತೋರುಬೆರಳನ್ನು ಮೂಲೆಯ ಒಂದು ತುಂಡಿನ ಮೇಲಿಟ್ಟು, ಮೆಲ್ಲಗೆ, ಅದನ್ನು ಸೊಟ್ಟಗೆ ತಿರುಗಿಸಿದ.